ಹಾರ್ಡ್ ಡಿಸ್ಕಿನ ಬರಹ ಕೆಟ್ಟಾಗ

ರೇಡಿಯೋ ಕೇಳುವವರಿಗೆ ಗೊರಗೊರ ಸದ್ದು ಹೊಸದಲ್ಲ. ಗುಡುಗಿನ ರಾತ್ರಿ ಮಧ್ಯಮ ತರಂಗದ ನಿಲಯವೊಂದಕ್ಕೆ ಮುಳ್ಳು ತಿರುಗಿಸಿದರೆ ವಾರ್ತೆಯ ನಡುನಡುವೆ ಚಿಟಚಿಟ ಶಬ್ದ ನುಗ್ಗಿಬರುತ್ತದೆ. ಆದರೂ ಮಾತಿನ ಅರ್ಥ ನಮಗೆ ತಪ್ಪುವುದಿಲ್ಲ. ಒಂದೆರಡು ಅಕ್ಷರ ಕೇಳದಿದ್ದರೆ ಹಿಂದುಮುಂದಿನ ಮಾತಿನಿಂದ ಮನಸ್ಸೇ ಅದನ್ನು ತುಂಬಿಕೊಳ್ಳುತ್ತದೆ. ಗಣಕಯಂತ್ರದ ಸ್ವಭಾವ ಹೀಗಲ್ಲ. ಅದರ ಹಾರ್ಡ್ ಡಿಸ್ಕಿನಲ್ಲಿ ಇಟ್ಟ ಒಂದು ಚಿತ್ರದ ನಡುವೆ ನಾಲ್ಕಾರು ಅಕ್ಷರಗಳಷ್ಟು ಬರಹ ಕೆಟ್ಟರೆ ಅಲ್ಲಿಂದ ಕೆಳಗಿನ ಭಾಗವೆಲ್ಲ ಬೂದು ಬಳಿದಂತಾಗಬಹುದು; ಫೈಲಿನ ತಲೆಭಾಗ ಕೆಟ್ಟಿತೆಂದರೆ ಇಡೀ ಫೈಲೇ ತೆರೆಯದೆ ಹೋಗಬಹುದು.

ಇಂದು ನಮ್ಮ ಮನೆಗಳ ಡಿಸ್ಕುಗಳಲ್ಲಿ ಏನೇನಿದೆ ಎಂಬುದನ್ನು ನೆನೆದು ನೋಡಿ. ಮಗಳ ಮದುವೆಯ ಚಿತ್ರಗಳು, ಪಹಣಿಯ ನಕಲು, ಮಕ್ಕಳ ಅಂಕಪಟ್ಟಿ, ಅಂಗಡಿಯ ಲೆಕ್ಕ, ಅಜ್ಜಿ ಹಾಡಿದ ಬೀಸುವ ಪದ. ಪಹಣಿಯನ್ನೂ ಅಂಕಪಟ್ಟಿಯನ್ನೂ ಕಛೇರಿಗೆ ಅಲೆದಾದರೂ ಮತ್ತೆ ಪಡೆಯಬಹುದು. ಅಜ್ಜಿ ತೀರಿಹೋದ ಮೇಲೆ ಆಕೆಯ ದನಿಯನ್ನು ಯಾವ ಕಛೇರಿಯೂ ಕೊಡಲಾರದು. ಇಂಥ ಡಿಸ್ಕು ಕೆಟ್ಟಾಗ ಮನೆಯವರಿಗೆ ಗಾಬರಿಯಾಗುವುದು ಸಹಜವೇ. ಆದರೆ ರೋಗ ಉಳಿಸಿದ್ದನ್ನು ಗಾಬರಿಯ ಚಿಕಿತ್ಸೆ ಅಳಿಸಿಬಿಡುವುದು ಎಷ್ಟೋ ಸಲ ಉಂಟು. ಆದುದರಿಂದ ಈ ಲೇಖನದ ತಾತ್ಪರ್ಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲು ಪ್ರತಿ, ಆಮೇಲೆ ದುರಸ್ತಿ. ಹೀಗೇಕೆ ಎಂಬುದು ತಿಳಿಯಬೇಕಾದರೆ ಡಿಸ್ಕಿನ ಒಳಗೆ ಸ್ವಲ್ಪ ಇಣಿಕಿ ನೋಡಬೇಕು.

ಹೊರಗಿನ ಲೋಹದ ಪೆಟ್ಟಿಗೆಯನ್ನು ಬಿಟ್ಟರೆ ಒಳಗಿರುವುದು ಗ್ರಾಮೊಫೋನಿನ ಸಂಸಾರವೇ: ತಿರುಗುವ ತಟ್ಟೆ, ಅದರ ಮೇಲೆ ಆಡುವ ತೋಳು, ತೋಳಿನ ತುದಿಗೆ ಓದಿ ಬರೆಯುವ ಮೊನೆ. ಗ್ರಾಮೊಫೋನಿನ ಮುಳ್ಳು ತಟ್ಟೆಯನ್ನು ಮುಟ್ಟುತ್ತದೆ. ಇಲ್ಲಿನ ಮೊನೆ ಮುಟ್ಟಕೂಡದು. ಬರಹವಿರುವುದು ಗೀರಿನಲ್ಲಿ ಅಲ್ಲ, ತಟ್ಟೆಗೆ ಬಳಿದ ತೆಳುಲೇಪದ ಅಯಸ್ಕಾಂತ ಗುಣದಲ್ಲಿ. ಅಮೆರಿಕದ ಐ.ಬಿ.ಎಂ. ಸಂಸ್ಥೆ ೧೯೫೬ರಲ್ಲಿ ಹೊರತಂದ ಮೊದಲನೆಯ ಡಿಸ್ಕು ಯಂತ್ರದಲ್ಲಿ ಎರಡಡಿ ಅಗಲದ ೫೦ ತಟ್ಟೆಗಳಿದ್ದುವು. ಅಷ್ಟಿದ್ದೂ ಅದರಲ್ಲಿ ಹಿಡಿಸುತ್ತಿದ್ದುದು ಸುಮಾರು ೫೦ ಲಕ್ಷ ಅಕ್ಷರ. ಇಂದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಒಂದು ಲಕ್ಷ ಕೋಟಿ ಬೈಟು ಹಿಡಿಸುತ್ತದೆ. ಬೈಟು ಎಂದರೆ ಸ್ಥೂಲವಾಗಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಬೇಕಾಗುವ ಸ್ಥಳ. ಮೇಜಿನ ಮೇಲಿನ ಗಣಕದ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ ೭೨೦೦ ಸುತ್ತು, ಎಂದರೆ ಸೆಕೆಂಡಿಗೆ ೧೨೦ ಸುತ್ತು ತಿರುಗುತ್ತದೆ. ಮೊನೆಗೂ ತಟ್ಟೆಗೂ ನಡುವಣ ಅಂತರ ಕೆಲವೇ ನ್ಯಾನೊಮೀಟರು; ನಮ್ಮ ತಲೆಗೂದಲಿನ ದಪ್ಪವಾದರೋ ಹತ್ತಾರು ಸಾವಿರ ನ್ಯಾನೊಮೀಟರು. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಬಂಡೆಯೇ ಸರಿ.

ಇಷ್ಟು ಸೂಕ್ಷ್ಮವಾದ ಕಡೆ ಓದುವಾಗ ತಪ್ಪು ಬಾರದಿರುವುದು ಹೇಗೆ? ತಪ್ಪು ಬರುತ್ತಲೇ ಇರುತ್ತದೆ. ಡಿಸ್ಕು ಅದನ್ನು ತಿದ್ದಿಕೊಳ್ಳುತ್ತಲೇ ಇರುತ್ತದೆ. ಇದನ್ನು ನಮ್ಮ ಛಂದಸ್ಸಿನಿಂದ ಸುಲಭವಾಗಿ ತಿಳಿಯಬಹುದು.

ಕಂದಪದ್ಯದ ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ೧೨ ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ೨೦ ಮಾತ್ರೆ, ಒಟ್ಟು ೬೪ ಎಂಬುದನ್ನು ಪ್ರೌಢಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಓಲೆಗರಿಯ ಪ್ರತಿಯೊಂದನ್ನು ಮುಂದಿಟ್ಟುಕೊಂಡ ವಿದ್ವಾಂಸನು ಪದ್ಯವನ್ನು ಲೆಕ್ಕಹಾಕಿದಾಗ ೬೨ ಮಾತ್ರೆ ಬಂತೆನ್ನಿ. ಅರ್ಥ ನೋಡುವ ಮೊದಲೇ ಅವನಿಗೆ ಲಿಪಿಕಾರ ಎಲ್ಲೋ ಅಕ್ಷರ ಬಿಟ್ಟಿದ್ದಾನೆಂದು ತಿಳಿಯುತ್ತದೆ. ಇದು ತಪ್ಪನ್ನು ಕಂಡುಹಿಡಿಯುವ ಉಪಾಯ. ಇನ್ನು ಆದಿಪ್ರಾಸ: ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಮೂರನೆಯ ಪಾದದ ಎರಡನೆಯ ಅಕ್ಷರವನ್ನು ಹುಳು ತಿಂದಿದ್ದರೆ ಅಲ್ಲಿ ಯಾವ ವ್ಯಂಜನವಿತ್ತೆಂಬುದನ್ನು ಉಳಿದ ಮೂರು ಪಾದಗಳೇ ಹೇಳುತ್ತವೆ. ಇದು ತಪ್ಪನ್ನು ತಿದ್ದುವ ಉಪಾಯ. ಕವಿ ಹೇಳಬೇಕಾದ ಅರ್ಥಕ್ಕೆ ಪ್ರಾಸ ಬೇಕಾಗಿರಲಿಲ್ಲ. ಆದರೆ ಆ ಹೆಚ್ಚಿನ ಕಟ್ಟೇ ಪದ್ಯದ ಕಾವಲಾಗಿ ನಿಂತಿತು.

ಡಿಸ್ಕಿನ ಬರಹವೂ ಹೀಗೆಯೇ. ಅದು ಸೆಕ್ಟರ್ ಎಂಬ ಸಣ್ಣ ಸಣ್ಣ ಕಟ್ಟುಗಳಲ್ಲಿರುತ್ತದೆ. ಹಳೆಯ ಡಿಸ್ಕುಗಳಲ್ಲಿ ಒಂದೊಂದು ಸೆಕ್ಟರಿಗೆ ೫೧೨ ಬೈಟು, ಈಚಿನವುಗಳಲ್ಲಿ ೪೦೯೬. ಪ್ರತಿಯೊಂದು ಸೆಕ್ಟರಿನ ಜೊತೆಗೂ, ನಮ್ಮ ಬರಹಕ್ಕೆ ಸೇರದ, ಲೆಕ್ಕಾಚಾರದಿಂದ ಬಂದ ಕೆಲವು ಹೆಚ್ಚಿನ ಅಂಕೆಗಳನ್ನು ಡಿಸ್ಕು ತಾನೇ ಬರೆದಿಡುತ್ತದೆ. ಓದುವಾಗ ಲೆಕ್ಕ ತಾಳೆಯಾಗದಿದ್ದರೆ ಆ ಅಂಕೆಗಳ ಸಹಾಯದಿಂದ ತಿದ್ದಿಕೊಳ್ಳುತ್ತದೆ. ಈ ವಿದ್ಯೆಗೆ ತಳಹದಿ ಹಾಕಿದವರಲ್ಲಿ ಮುಖ್ಯರಾದವರು ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್. ವಾರದ ಕೊನೆಯಲ್ಲಿ ಅವರು ಒಪ್ಪಿಸಿ ಹೋದ ಲೆಕ್ಕಗಳನ್ನು ಅಲ್ಲಿನ ಯಂತ್ರ, ತಪ್ಪು ಕಂಡೊಡನೆ, ಅರ್ಧಕ್ಕೇ ಕೈಬಿಡುತ್ತಿತ್ತು. ತಪ್ಪಿದೆಯೆಂದು ತಿಳಿಯಬಲ್ಲ ಯಂತ್ರಕ್ಕೆ ಅದು ಎಲ್ಲಿದೆಯೆಂದು ತಿಳಿದು ತಿದ್ದಿಕೊಳ್ಳಲು ಏಕಾಗಬಾರದು ಎಂಬ ಯೋಚನೆಯಿಂದ ಹುಟ್ಟಿದ ಅವರ ಲೇಖನ ೧೯೫೦ರಲ್ಲಿ ಅಚ್ಚಾಯಿತು.

ಆದರೆ ಪ್ರಾಸದ ಶಕ್ತಿಗೂ ಮಿತಿಯುಂಟು. ಒಂದಕ್ಷರ ಹೋದರೆ ಪ್ರಾಸ ಹೇಳುತ್ತದೆ. ಇಡೀ ಗರಿಯೇ ಮುರಿದುಹೋದರೆ ಬೇರೊಂದು ಪ್ರತಿಯನ್ನು ಹುಡುಕಬೇಕು. ಡಿಸ್ಕಿನಲ್ಲಿಯೂ ಹಾನಿ ಆ ಮಿತಿಯನ್ನು ಮೀರಿದಾಗ ಸೆಕ್ಟರು ಓದಲು ಬಾರದಾಗುತ್ತದೆ. ಡಿಸ್ಕು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಗಣಕ ಅಲ್ಲಾಡದೆ ನಿಂತುಬಿಡುತ್ತದೆ. ಅಂಥ ಸೆಕ್ಟರಿನ ಮೇಲೆ ಮುಂದೆ ಹೊಸ ಬರಹ ಬಂದಾಗ, ಡಿಸ್ಕು ಆ ಜಾಗವನ್ನು ತೊರೆದು ಮೀಸಲಿಟ್ಟಿದ್ದ ಬೇರೆ ಸೆಕ್ಟರನ್ನು ಬಳಸಿಕೊಳ್ಳಬಹುದು. ಜಾಗವೇನೋ ಸರಿಹೋಗುತ್ತದೆ, ಅಲ್ಲಿದ್ದ ಹಳೆಯ ಬರಹ ಮಾತ್ರ ಹೋದಂತೆಯೇ.

ಇನ್ನು ರೋಗನಿದಾನ. ಫೈಲು ತೆರೆಯಲಿಲ್ಲವೆಂದ ಮಾತ್ರಕ್ಕೆ ಡಿಸ್ಕು ಕೆಟ್ಟಿದೆ ಎನ್ನಲಾಗದು. ದೋಷ ಐದು ಕಡೆಗಳಲ್ಲಿ ಇರಬಹುದು.

ಮೊದಲನೆಯದಾಗಿ, ಕೆಟ್ಟಂತೆ ಕಂಡುದೆಲ್ಲ ಕೆಟ್ಟುದಲ್ಲ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಲೇಖನವನ್ನು ಹೊಸ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಸಾಲುಗಟ್ಟಿ ನಿಲ್ಲುತ್ತವೆ. ಬರಹ ಅಲ್ಲಿ ಒಂದಿಷ್ಟೂ ಕೆಟ್ಟಿಲ್ಲ. ಅದಕ್ಕೆ ತಕ್ಕ ಫಾಂಟು ಆ ಗಣಕದಲ್ಲಿಲ್ಲ, ಅಷ್ಟೆ. ಫಾಂಟನ್ನು ಹಾಕಿಕೊಂಡರೆ, ಇಲ್ಲವೆ ಯೂನಿಕೋಡಿಗೆ ಪರಿವರ್ತಿಸಿಕೊಂಡರೆ, ಲೇಖನ ಮೊದಲಿನಂತೆ ಓದಲು ಬರುತ್ತದೆ. ಕೆಟ್ಟಿತೆಂದು ತಿಳಿದು ಇಂಥ ಫೈಲನ್ನು ಅಳಿಸಬೇಡಿ.

ಎರಡನೆಯದು, ಅರ್ಧ ನಕಲಾದ ಫೈಲು. ನಕಲು ಮುಗಿಯುವ ಮೊದಲೇ ಪೆನ್ ಡ್ರೈವನ್ನು ಕಿತ್ತರೆ ಹೀಗಾಗುತ್ತದೆ. ಪರದೆಯ ಮೇಲೆ ನಕಲು ಮುಗಿದಂತೆ ಕಂಡರೂ ಗಣಕ ಕೊನೆಯ ಭಾಗವನ್ನು ಇನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡಿರಬಹುದು. ಸುರಕ್ಷಿತವಾಗಿ ತೆಗೆಯುವ ಆಜ್ಞೆಯನ್ನು ಕೊಟ್ಟು ತೆಗೆಯಬೇಕೆನ್ನುವುದು ಇದಕ್ಕಾಗಿಯೇ. ಮೂಲ ಫೈಲು ಸರಿಯಾಗಿದ್ದರೆ ಮತ್ತೊಮ್ಮೆ ನಕಲು ಮಾಡಿಕೊಂಡರೆ ಆಯಿತು.

ಮೂರನೆಯದು, ಪರಿವಿಡಿಯ ದೋಷ. ಯಾವ ಫೈಲು ಯಾವ ಯಾವ ಸೆಕ್ಟರುಗಳಲ್ಲಿದೆ ಎಂಬ ಪಟ್ಟಿಯೊಂದು ಡಿಸ್ಕಿನಲ್ಲಿರುತ್ತದೆ. ಫೈಲ್ ಸಿಸ್ಟಮ್ ಎಂಬ ವ್ಯವಸ್ಥೆಯ ಜೀವಾಳ ಈ ಪಟ್ಟಿಯೇ. ಪಟ್ಟಿಯನ್ನು ತಿದ್ದುತ್ತಿರುವ ಗಳಿಗೆಯಲ್ಲಿ ಕರೆಂಟು ಹೋದರೆ ಅದು ಅರೆಬರೆಯಾಗಿ ಉಳಿಯಬಹುದು. ವಿಂಡೋಸಿನ ಎನ್.ಟಿ.ಎಫ್.ಎಸ್. ಮುಂತಾದ ಈಚಿನ ವ್ಯವಸ್ಥೆಗಳು ಮಾಡಲಿರುವ ತಿದ್ದುಪಡಿಯನ್ನು ಮೊದಲು ದಿನಚರಿಯಲ್ಲಿ ಬರೆದುಕೊಂಡು ಅನಂತರ ಪಟ್ಟಿಗೆ ಕೈಹಾಕುತ್ತವೆ. ಇದರಿಂದ ಪಟ್ಟಿ ಉಳಿಯುತ್ತದೆ. ಆ ಗಳಿಗೆಯಲ್ಲಿ ಬರೆಯುತ್ತಿದ್ದ ಫೈಲು ಉಳಿದೀತೆಂಬ ಭರವಸೆಯಿಲ್ಲ. ಕರೆಂಟು ಹೋಗಿ ಬರುವ ಊರುಗಳಲ್ಲಿ ಮೇಜಿನ ಗಣಕಕ್ಕೆ ಯು.ಪಿ.ಎಸ್. ಇರಬೇಕಾದುದು ಇದೇ ಕಾರಣಕ್ಕೆ.

ನಾಲ್ಕನೆಯದು, ದಾರಿಯ ದೋಷ. ಡಿಸ್ಕಿನಿಂದ ಬರುವ ಕೇಬಲು ಸಡಿಲವಾಗಿದ್ದರೆ, ವಿದ್ಯುತ್ತು ಸಾಲದಿದ್ದರೆ, ಅಥವಾ ಗಣಕದ ನೆನಪಿನ ಹಲಗೆಯಾದ ರ‍್ಯಾಮ್ ಕೆಟ್ಟಿದ್ದರೆ, ಡಿಸ್ಕಿನಲ್ಲಿ ಸರಿಯಾಗಿಯೇ ಇರುವ ಬರಹ ಹಾದಿಯಲ್ಲಿ ಕೆಡುತ್ತದೆ. ಒಂದೇ ಫೈಲು ಒಮ್ಮೆ ತೆರೆದು ಮತ್ತೊಮ್ಮೆ ತೆರೆಯದಿದ್ದರೆ, ಅಥವಾ ಒಂದೇ ಫೈಲನ್ನು ಮೂರು ಸಲ ನಕಲು ಮಾಡಿದಾಗ ಮೂರೂ ಬೇರೆ ಬೇರೆಯಾಗಿ ಕಂಡರೆ, ಮೊದಲು ಈ ದಾರಿಯನ್ನು ಸಂಶಯಿಸಿ. ಬೇರೆ ಕೇಬಲು ಹಾಕಿ ನೋಡಿ. ಬೇರೆ ಗಣಕಕ್ಕೆ ಜೋಡಿಸಿ ನೋಡಿ. ರ‍್ಯಾಮಿನ ಪರೀಕ್ಷೆಗೆ ವಿಂಡೋಸಿನಲ್ಲಿಯೇ ಒಂದು ಸಲಕರಣೆಯುಂಟು. ಮೆಮ್‌ಟೆಸ್ಟ್ ಎಂಬುದೂ ಇದೆ. ಇಂಥ ದೋಷವನ್ನು ತಿಳಿಯದೆ ಡಿಸ್ಕನ್ನು ದುರಸ್ತಿಮಾಡಹೊರಟರೆ ಕೆಟ್ಟ ರ‍್ಯಾಮಿನ ಮೂಲಕವೇ ಒಳ್ಳೆಯ ಬರಹವನ್ನು ತಿದ್ದಿ ಕೆಡಿಸಿದಂತಾಗುತ್ತದೆ.

ಐದನೆಯದು, ಡಿಸ್ಕಿನದೇ ದೋಷ. ಇದರ ಲಕ್ಷಣಗಳು ಬೇರೆ: ಕೆಲವು ಫೋಲ್ಡರುಗಳನ್ನು ತೆರೆದಾಗ ಮಾತ್ರ ಗಣಕ ನಿಮಿಷಗಟ್ಟಲೆ ನಿಲ್ಲುವುದು, ನಕಲು ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುವುದು, ಟಕ್ ಟಕ್ ಎಂಬ ಹೊಸ ಸದ್ದು. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಿಂದ ಈ ಲೆಕ್ಕವನ್ನು ನೋಡಬಹುದು. ಅದರಲ್ಲಿ ಮೂರು ಸಾಲುಗಳನ್ನು ಗಮನಿಸಿದರೆ ಸಾಕು. ಬೇರೆಡೆಗೆ ಬದಲಾಯಿಸಿದ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ತಟ್ಟೆ ಸವೆಯುತ್ತಿದೆ. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳಿದ್ದರೆ ಬರಹಕ್ಕೆ ಈಗಲೇ ಅಪಾಯವಿದೆ. ಸಾಗಣೆಯ ತಪ್ಪುಗಳೆಂಬ ಸಿ.ಆರ್.ಸಿ. ಸಂಖ್ಯೆ ಮಾತ್ರ ಏರುತ್ತಿದ್ದರೆ, ಬಹುಮಟ್ಟಿಗೆ, ರೋಗ ಕೇಬಲಿನದು.

ಈಗ ಚಿಕಿತ್ಸೆಯ ಕ್ರಮಕ್ಕೆ ಬರೋಣ. ಅಜ್ಜಿಯ ಹಾಡುಗಳಿರುವ ಡಿಸ್ಕನ್ನು ಜೋಡಿಸಿದಾಗ, ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಗಣಕ ಕೇಳಿತು ಎಂದಿಟ್ಟುಕೊಳ್ಳಿ. ಮೊದಲ ಉತ್ತರ: ಬೇಡ. ಫಾರ್ಮ್ಯಾಟ್ ಎಂದರೆ ಹಳೆಯ ಪರಿವಿಡಿಯನ್ನು ಹರಿದು ಹೊಸದನ್ನು ಬರೆಯುವುದು. ಗಣಕ ಹಾಗೆ ಕೇಳುತ್ತಿರುವುದು ಅದಕ್ಕೆ ಪರಿವಿಡಿ ಅರ್ಥವಾಗುತ್ತಿಲ್ಲವಾದ್ದರಿಂದ. ಒಳಗಿನ ಹಾಡುಗಳು ಹಾಗೆಯೇ ಇರಬಹುದು.

ಎರಡನೆಯ ಹೆಜ್ಜೆ: ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿ. ಹೊಸ ಫೈಲನ್ನು ಇಡುವುದು, ಫೈಲು ಉಳಿಸಿಕೊಡುವ ತಂತ್ರಾಂಶವನ್ನು ಅದೇ ಡಿಸ್ಕಿನಲ್ಲಿ ಸ್ಥಾಪಿಸುವುದು, ಎರಡೂ ಸಲ್ಲದು. ಅಳಿಸಿದ ಫೈಲಿನ ಬರಹ ಅದರ ಮೇಲೆ ಬೇರೆ ಬರಹ ಬರುವವರೆಗೆ ತಟ್ಟೆಯ ಮೇಲೆ ಇದ್ದೇ ಇರುತ್ತದೆ. ಬಂದ ಮೇಲೆ ಅದನ್ನು ಮರಳಿ ತರುವ ಉಪಾಯವಿಲ್ಲ.

ಮೂರನೆಯದು: ಕಿವಿಗೊಟ್ಟು ಕೇಳಿ. ಟಕ್ ಟಕ್ ಸದ್ದೋ ಉಜ್ಜುವ ಸದ್ದೋ ಬರುತ್ತಿದ್ದರೆ ಮೊನೆ ಕೆಟ್ಟಿರಬಹುದು. ತಟ್ಟೆಯನ್ನು ಕೆರೆಯುತ್ತಲೂ ಇರಬಹುದು. ಅದು ತಿರುಗುವ ಪ್ರತಿಯೊಂದು ನಿಮಿಷಕ್ಕೂ ಬರಹ ಪುಡಿಯಾಗುತ್ತಿರಬಹುದು. ಒಡನೆ ಕರೆಂಟು ತೆಗೆಯಿರಿ. ಮುಂದಿನದು ಮನೆಯ ಕೆಲಸವಲ್ಲ; ಧೂಳಿಲ್ಲದ ಕೋಣೆಯಿಟ್ಟುಕೊಂಡು ಡಿಸ್ಕು ಬಿಚ್ಚುವ ತಜ್ಞರ ಕೆಲಸ. ಅದಕ್ಕೆ ಹಣ ಬಹಳವಾದೀತು. ಒಳಗಿರುವುದು ಅಷ್ಟು ಬೆಲೆಯುಳ್ಳದ್ದೇ ಎಂಬುದನ್ನು ಮನೆಯವರೇ ನಿರ್ಧರಿಸಬೇಕು. ಮೇಲಿನ ಮುಚ್ಚಳವನ್ನು ಮನೆಯಲ್ಲಿ ತೆರೆಯಬೇಡಿ. ಶೀತಕಪೆಟ್ಟಿಗೆಯಲ್ಲಿಟ್ಟರೆ ಸರಿಹೋಗುತ್ತದೆಂಬ ಮಾತನ್ನು ನಂಬಬೇಡಿ. ಹೊರತೆಗೆದಾಗ ತಟ್ಟೆಯ ಮೇಲೆ ಇಬ್ಬನಿ ಕೂರುತ್ತದೆ.

ನಾಲ್ಕನೆಯದು: ಸದ್ದಿಲ್ಲದೆ ತಿರುಗುತ್ತಿದ್ದರೆ ಮೊದಲು ಪ್ರತಿ ಮಾಡಿ. ಫೈಲುಗಳು ಇನ್ನೂ ತೆರೆಯುತ್ತಿದ್ದರೆ ಅತಿ ಮುಖ್ಯವಾದುವನ್ನು ಎಲ್ಲಕ್ಕಿಂತ ಮೊದಲು ಬೇರೆ ಡಿಸ್ಕಿಗೆ ಸಾಗಿಸಿ. ಸಿನಿಮಾಗಳು ಕಾಯಲಿ, ಅಜ್ಜಿಯ ಹಾಡು ಮೊದಲು ಹೋಗಲಿ. ತೆರೆಯದಿದ್ದರೆ ಇಡೀ ಡಿಸ್ಕಿನ ಪಡಿಯಚ್ಚನ್ನು ತೆಗೆಯಬೇಕು. ಲಿನಕ್ಸಿನಲ್ಲಿ ಓಡುವ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ಅದು ಸುಲಭವಾಗಿ ಓದಬರುವ ಭಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳನ್ನು ಗುರುತು ಹಾಕಿಟ್ಟು, ಕೊನೆಯಲ್ಲಿ ಅವುಗಳ ಬಳಿಗೆ ಹಿಂದಿರುಗುತ್ತದೆ. ಮುರುಕಲು ಗರಿಗಳ ಕಟ್ಟನ್ನು ಬಿಡಿಸುವ ವಿವೇಕಿ ಮಾಡುವುದೂ ಇದನ್ನೇ. ಒಂದು ಎಚ್ಚರಿಕೆ: ಯಾವುದು ಮೂಲ, ಯಾವುದು ಪ್ರತಿ ಎಂಬುದನ್ನು ಆಜ್ಞೆ ಕೊಡುವ ಮೊದಲು ಎರಡು ಸಲ ನೋಡಿ. ಅದಲುಬದಲಾದರೆ ಖಾಲಿ ಡಿಸ್ಕು ಹಾಡುಗಳ ಮೇಲೆ ಬರೆದುಕೊಳ್ಳುತ್ತದೆ. ಈ ಕೆಲಸ ರೂಢಿಯಿಲ್ಲದವರು ಬಲ್ಲವರನ್ನು ಕರೆಯುವುದು ಲೇಸು. ಆದರೆ ಬಂದವರು ಮೊದಲು ಪ್ರತಿ ತೆಗೆಯುತ್ತಾರೆಯೇ ಎಂದು ಕೇಳಿಕೊಳ್ಳಿ.

ದುರಸ್ತಿ ಐದನೆಯ ಹೆಜ್ಜೆ; ಅದೂ ಪ್ರತಿಯ ಮೇಲೆ. ವಿಂಡೋಸಿನ ಚೆಕ್‌ಡಿಸ್ಕ್, ಲಿನಕ್ಸಿನ ಎಫ್‌ಎಸ್‌ಸಿಕೆ ಒಳ್ಳೆಯ ಸಲಕರಣೆಗಳೇ. ಆದರೆ ಅವುಗಳ ಗುರಿ ಪರಿವಿಡಿಯನ್ನು ಸುಸಂಗತ ಮಾಡುವುದೇ ಹೊರತು ನಿಮ್ಮ ಹಾಡನ್ನು ಉಳಿಸುವುದಲ್ಲ. ಪಟ್ಟಿಗೂ ಬರಹಕ್ಕೂ ತಾಳೆಯಾಗದ ಕಡೆ ಅವು ಪಟ್ಟಿಯಿಂದ ಹೆಸರನ್ನು ಹೊಡೆದುಹಾಕುತ್ತವೆ; ಬಿಡಿಯಾಗಿ ಉಳಿದ ತುಂಡುಗಳನ್ನು ಬರಿಯ ಸಂಖ್ಯೆಯ ಹೆಸರುಕೊಟ್ಟು ಒಂದು ಮೂಲೆಯಲ್ಲಿ ಇಡುತ್ತವೆ. ಕಟ್ಟು ಅಚ್ಚುಕಟ್ಟಾಗುತ್ತದೆ, ಕಥೆ ಉಳಿಯದೆ ಹೋಗಬಹುದು. ತಟ್ಟೆ ಸವೆಯುತ್ತಿರುವ ಡಿಸ್ಕಿನಲ್ಲಂತೂ ಮೇಲ್ಮೈಯನ್ನೆಲ್ಲ ಗಂಟೆಗಟ್ಟಲೆ ತಡಕುವ ಪರೀಕ್ಷೆ ರೋಗಿಯನ್ನು ಎಬ್ಬಿಸಿ ಓಡಿಸಿದಂತೆ. ಪ್ರತಿಯ ಮೇಲೆ ಮಾಡಿದ ದುರಸ್ತಿ ತಪ್ಪಿದರೆ ಮತ್ತೊಂದು ಪ್ರತಿ ಮಾಡಿ ಬೇರೆ ಉಪಾಯ ನೋಡಬಹುದು. ಮೂಲದ ಮೇಲೆ ಮಾಡಿದ್ದು ತಪ್ಪಿದರೆ ಹಿಂದಕ್ಕೆ ದಾರಿಯಿಲ್ಲ. ಪರಿವಿಡಿ ಪೂರ್ತಿ ಹೋಗಿದ್ದರೆ, ಪ್ರತಿಯ ಮೇಲೆ ಫೋಟೊರೆಕ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಬಹುದು. ಅದು ಫೈಲುಗಳ ತಲೆಭಾಗದ ಗುರುತನ್ನು ಹಿಡಿದು ಚಿತ್ರಗಳನ್ನೂ ಹಾಡುಗಳನ್ನೂ ಹೆಕ್ಕುತ್ತದೆ. ಹಳೆಯ ಹೆಸರುಗಳು ಮಾತ್ರ ಬರುವುದಿಲ್ಲ.

ತಿರುಗುವ ತಟ್ಟೆಯಿಲ್ಲದ ಎಸ್.ಎಸ್.ಡಿ.ಗಳ ವಿಷಯವಾಗಿ ಒಂದು ಮಾತು. ಅವು ಬಿದ್ದರೂ ಸುಲಭಕ್ಕೆ ಕೆಡವು. ಸಾಯುವ ಮೊದಲು ಸದ್ದನ್ನೂ ಮಾಡುವುದಿಲ್ಲ. ಅಳಿಸಿದ ಫೈಲಿನ ಜಾಗವನ್ನು ಅವು ತಾವಾಗಿಯೇ ಶುಚಿಮಾಡಿಕೊಳ್ಳುವುದರಿಂದ ಅಳಿಸಿದ್ದನ್ನು ಮರಳಿ ಪಡೆಯುವ ಆಸೆಯೂ ಅಲ್ಲಿ ಕಡಮೆ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಅವುಗಳ ಬರಹ ಮಾಸಲೂಬಹುದು.

ಸ್ಮಾರ್ಟ್ ಲೆಕ್ಕವನ್ನು ಆಗಾಗ ನೋಡುತ್ತಿದ್ದರೆ ಸಾಲದೆ ಎಂದು ನೀವು ಕೇಳಬಹುದು. ಗೂಗಲ್ ಸಂಸ್ಥೆಯವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ೨೦೦೭ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಓದುವ ದೋಷ ಮೊದಲ ಸಲ ಕಂಡ ಡಿಸ್ಕು ಮುಂದಿನ ೬೦ ದಿನಗಳಲ್ಲಿ ಕೆಟ್ಟುಹೋಗುವ ಸಂಭವ, ಅಂಥ ದೋಷವಿಲ್ಲದ ಡಿಸ್ಕಿಗಿಂತ ೩೯ ಪಟ್ಟು ಹೆಚ್ಚೆಂದು ಅದರಲ್ಲಿದೆ. ಆದುದರಿಂದ ಸೂಚನೆ ಕಂಡರೆ ನಂಬಬೇಕು. ಆದರೆ ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅತಿ ಪ್ರಬಲವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರದೆಯೇ ಕೆಟ್ಟಿದ್ದುವೆಂದೂ ಅದೇ ವರದಿ ಹೇಳುತ್ತದೆ. ಸೂಚನೆ ಕಾಣಲಿಲ್ಲವೆಂದು ನೆಮ್ಮದಿಯಾಗಿ ಮಲಗುವಂತಿಲ್ಲ.

ಹಾಗಾದರೆ ನಿಜವಾದ ಔಷಧ ಯಾವುದು? ಕೆಡುವ ಮೊದಲೇ ಮಾಡಿಟ್ಟ ಪ್ರತಿ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಚಿತ್ರಗಾರರು ಜನಪ್ರಿಯಗೊಳಿಸಿದ ಸೂತ್ರವೊಂದು ನೆನಪಿಡಲು ಸುಲಭವಾಗಿದೆ: ಪ್ರತಿಗಳು ಮೂರು, ಇಡುವ ಸಾಧನಗಳು ಎರಡು ಬಗೆ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಗಣಕದಲ್ಲೊಂದು, ಹೊರಗಿನ ಡಿಸ್ಕಿನಲ್ಲೊಂದು, ತಂಗಿಯ ಮನೆಯಲ್ಲೋ ಅಂತರಜಾಲದ ಉಗ್ರಾಣದಲ್ಲೋ ಇನ್ನೊಂದು. ಬೆಂಕಿ, ನೀರು, ಕಳ್ಳ, ಈ ಮೂವರೂ ಎರಡು ಊರುಗಳಿಗೆ ಒಂದೇ ರಾತ್ರಿ ಬರುವುದು ಅಪರೂಪ. ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ ಏರ್ಪಾಡನ್ನು ಇದಕ್ಕೆ ಬದಲೆಂದು ತಿಳಿಯಬಾರದು. ಫೈಲನ್ನು ಅಳಿಸಿದರೆ ಅಲ್ಲಿ ಎರಡರಲ್ಲೂ ಅಳಿಯುತ್ತದೆ. ಕೆಟ್ಟ ಬರಹ ಎರಡರಲ್ಲೂ ಕೂರುತ್ತದೆ. ಹೊರಗಿನ ಡಿಸ್ಕನ್ನು ಪ್ರತಿ ಮಾಡುವಾಗ ಮಾತ್ರ ಜೋಡಿಸಿ, ಆಮೇಲೆ ಬಿಚ್ಚಿಡಿ. ಆರು ತಿಂಗಳಿಗೊಮ್ಮೆಯಾದರೂ ಅದರಿಂದ ನಾಲ್ಕಾರು ಫೈಲುಗಳನ್ನು ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಲೆಕ್ಕಕ್ಕೆ ಹಿಡಿಯಬಾರದು.

ನಮ್ಮ ನಾಡಿಗೆ ಈ ವಿವೇಕ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ೧೦೦೦ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧವಾಗಿದೆ. ಆ ಕಾವ್ಯ ಇಂದು ನಮ್ಮ ಕೈಯಲ್ಲಿದೆ. ಅದೇ ಕವಿಯ ಭುವನೈಕರಾಮಾಭ್ಯುದಯ ನಮಗೆ ದೊರೆತಿಲ್ಲ. ಅದರ ಹೆಸರನ್ನು ಮಾತ್ರ ಸಾಹಿತ್ಯ ಚರಿತ್ರೆಯಲ್ಲಿ ಓದುತ್ತೇವೆ. ಓಲೆಗರಿಯ ಕಾಲದಲ್ಲಿ ಒಂದು ಪ್ರತಿ ಮಾಡಲು ಲಿಪಿಕಾರನಿಗೆ ಎಷ್ಟೋ ದಿನಗಳ ದುಡಿಮೆ ಬೇಕಾಗಿತ್ತು. ನಿಮ್ಮ ಮನೆಯ ಹಾಡುಗಳಿಗೂ ಚಿತ್ರಗಳಿಗೂ ಬೇಕಾದುದು ಒಂದು ಡಿಸ್ಕು ಮತ್ತು ಒಂದು ಭಾನುವಾರದ ಮಧ್ಯಾಹ್ನ. ಬರುವ ಭಾನುವಾರವೇ ಅದನ್ನು ಮಾಡಿ ಮುಗಿಸಿ.